ಪಾಂಡುರಂಗ ಮಾಸ್ತರರ ದ್ವಾದಶಿ

"ಅಡಕೀಗೆ ಅಭಿಷೇಕ ಮಾಡ್ಲಿಕತ್ತೀರಲ್ರೀ! ಕಣ್ಣೇನು ಹಿತ್ತಲದಾಗ ಒಣಾ ಹಾಕಿ ಬಂದೀರೇನು?"

ಹೆಂಡತಿ ಶಾರದಾಬಾಯಿ ಕೂಗಿದ ರಭಸಕ್ಕೆ ಪಾಂಡುರಂಗ ಮಾಸ್ತರರ ಕೈಯ ಶಂಖ ಜಾರಿತು. ತಟ್ಟೆಯಲ್ಲಿ ಹಾಲಿನಲ್ಲಿ ಮಿಂದು, ತುಳಸಿ ಹೊತ್ತು ಕುಳಿತದ್ದು ಗೋಟು ಅಡಕೆ. ಸಾಲಿಗ್ರಾಮ ಅಡಕೆಯ ಡಬ್ಬಿಯೊಳಗಿತ್ತು.

"ಖರೇ ಹೇಳ್ರಿ, ರಾತ್ರಿ ಏನು ನುಂಗೀರಿ?"

"ತೀರ್ಥ."

"ತೀರ್ಥಕ್ಕ ಕಣ್ಣು ಹಿಂಗ ಮೆಣಸಿನಕಾಯಿ ಆಗತಾವೇನು? ಲಾರಿ ಸಾಯಬಣ್ಣನ ಗುಳಿಗಿ ನುಂಗೀರಿ. ಅವನ ಹೆಂಡತೀನೇ ಹೇಳ್ಯಾಳ!"

ಹೋದ ವರ್ಷ ಏಕಾದಶಿಯ ಜಾಗರಣೆಯಲ್ಲಿ ಮಾಸ್ತರರು ಭಜನೆಯ ನಡುವೆ ಗೊರಕೆ ಹೊಡೆದು ಸೇಡಂ ತುಂಬ ನಗೆಪಾಟಲಾಗಿದ್ದರು. ಈ ಸಲ, ಹೈದರಾಬಾದಿಗೆ ರಾತ್ರಿ ಲಾರಿ ಹೊಡೆಯುವ ನೆರೆಮನೆಯ ಸಾಯಬಣ್ಣ ನಿದ್ದೆಗೆಡಿಸುವ ಗುಳಿಗೆಯ ಪಾಕೀಟು ಕೊಟ್ಟು, "ಅರ್ಧ ನುಂಗ್ರಿ ಸರ್" ಎಂದಿದ್ದ. ಮಾಸ್ತರರು ಒಂದೂವರೆ ನುಂಗಿದರು. ರಾತ್ರಿಯೇನೋ ತಾಳ ಬಡಿದು ಬಡಿದು ಮಂದಿಯನ್ನೇ ಎಬ್ಬಿಸಿದರು. ಬೆಳಗಾದ ಮೇಲೆ ಮಲಗಿದರೆ ಎದೆ ಹಿಟ್ಟಿನ ಗಿರಣಿಯಂತೆ ಬಡಿಯುತ್ತಿತ್ತು. ಎದ್ದರೆ ತಲೆ ಕರೆಂಟು ಹೋದ ಗಿರಣಿಯಂತೆ ಸುಮ್ಮನಿತ್ತು. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ.

ಇವತ್ತೇ ಮಗಳು ವೃಂದಾಳನ್ನು ನೋಡಲು ಶಹಾಬಾದಿನಿಂದ ಗಂಡಿನವರು ಬರುವವರು. ಊರೂರು ಅಲೆದು, ಎಸ್‌ಟಿಡಿ ಬೂತಿನಲ್ಲಿ ಗಂಟಲು ಹರಿದುಕೊಂಡು ಕೂಡಿಸಿದ ಸಂಬಂಧ. ಇದು ತಪ್ಪಿದರೆ ಇನ್ನೊಂದು ಕಣ್ಣೆದುರಿಗಿರಲಿಲ್ಲ.

ಮಾಸ್ತರರು ಬಸ್ ಸ್ಟ್ಯಾಂಡಿಗೆ ಸ್ಕೂಟರ್ ಒಯ್ದರು. ಗಂಡಿನ ತಂದೆ ಆನಂದತೀರ್ಥಾಚಾರ್ಯರನ್ನು ಹಿಂದಿನ ಸೀಟಿನ ಮೇಲೆ ಆದರದಿಂದ ಕೂಡಿಸಿದರು. ಆಮೇಲೆ ಸ್ಕೂಟರನ್ನೂ ಆಚಾರ್ಯರನ್ನೂ ಮರೆತು ನಡೆದುಕೊಂಡು ಮನೆಗೆ ಬಂದರು. ಎಷ್ಟೋ ಹೊತ್ತಿನ ಮೇಲೆ ಆಚಾರ್ಯರೂ ಮಗ ಕೌಸ್ತುಭನೂ ಮನೆ ಕೇಳುತ್ತ, ಬೆವರು ಸುರಿಸುತ್ತ, ಕೀಲಿಯಿಲ್ಲದ ಸ್ಕೂಟರ್ ದೂಡಿಕೊಂಡು ಬಂದರು.

"ತಪ್ಪು ತಿಳೀಬ್ಯಾಡ್ರಿ," ಶಾರದಾಬಾಯಿ ಅವಸರದಿಂದ ಹೇಳಿದರು, "ರಾತ್ರಿ ಇಡೀ ಜಾಗರಣಿ ಮಾಡ್ಯಾರ."

ಆಚಾರ್ಯರ ಸಿಟ್ಟು ಹಾಲಿನ ಉಕ್ಕಿನಂತೆ ಇಳಿಯಿತು. "ಒಂದು ಸಲಾನೂ ತೂಕಡಿಸಲಿಲ್ಲಾ? ಭಲೇ! ಇಂಥಾ ಬೀಗರೇ ಬೇಕಾಗಿತ್ತು ನಮಗ. ನಾನಂತೂ ಮಂಗಳಾರತಿಗೆ ಮೊದಲೇ ಉರುಳತೀನಿ. ಹೆಂಗ ಸಾಧಿಸಿದ್ರಿ, ಹೇಳ್ರಿ."

ಕೇಳಿದವರಿಗೆ ಹೇಳಿಕೊಡುವುದು ಮಾಸ್ತರರ ಜನ್ಮದ ಚಟ. ಜೇಬಿನಿಂದ ಪಾಕೀಟು ತೆಗೆದು ಆಚಾರ್ಯರ ಅಂಗೈಯಲ್ಲಿಟ್ಟರು. "ಅರ್ಧ ಸಾಕ್ರಿ."

ಶಾರದಾಬಾಯಿ ಹಣೆ ಬಡಿದುಕೊಂಡರು.

"ಗುಳಿಗಿ ನುಂಗಿ ಜಾಗರಣಿ!" ಆಚಾರ್ಯರು ಪಾಕೀಟು ಒಗೆದು ಎದ್ದರು. "ಏಳೋ ಕೌಸ್ತುಭ. ಈ ಮನಿ ನೀರೂ ಬ್ಯಾಡ!"

ಕೌಸ್ತುಭ ಏಳಲಿಲ್ಲ. ಸಿಮೆಂಟ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯ ಸುಪರ್‌ವೈಜರ್ ಅವನು. ಪಾಕೀಟು ಎತ್ತಿ ಹೊರಳಿಸಿ ನೋಡಿದ. "ಅರ್ಧದಾಗ ಏನೂ ಆಗಂಗಿಲ್ರೀ ಮಾಮಾ. ನನಗ ದಿನಾ ಎರಡು ಬೇಕು. ಇನ್ನೊಂದು ಪಾಕೀಟು ಅದ ಏನ್ರಿ?"

ಆಚಾರ್ಯರು ಕುಸಿದು ಕುಳಿತರು. ಮಾಸ್ತರರ ಮುಖ ಮಾತ್ರ ಅರಳಿತು.

"ಹಂಗಾದ್ರ ಎರಡೂ ಮನಿ ಸರೀ ಆತಲ್ರೀ! ಏನವ್ವಾ ವೃಂದಾ, ಹುಡುಗ ಒಪ್ಪಿಗಿ ಏನು?"

ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ವೃಂದಾ ಅಪ್ಪನನ್ನೂ ನೋಡಿದಳು, ಹುಡುಗನನ್ನೂ ನೋಡಿದಳು.

"ಅಪ್ಪಾ, ನಿಮ್ಮದು ಒಂದು ದಿನದ್ದು ನೋಡಿನೇ ಸಾಕಾಗ್ಯದ. ಇವರದು ಜೀವಮಾನ ನೋಡಬೇಕೇನು?"

ತಾಟು ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದಳು.

"ಕುಂದ್ರಿ, ಕುಂದ್ರಿ, ಈಗ ಬರತಾಳ," ಎಂದರು ಮಾಸ್ತರರು.

ಉಪ್ಪಿಟ್ಟು ಆರಿತು. ಶಹಾಬಾದಿನ ಬಸ್ಸಿನ ಹೊತ್ತಾಯಿತೆಂದು ಆಚಾರ್ಯರು ಮಗನ ರಟ್ಟೆ ಹಿಡಿದು ಎಬ್ಬಿಸಿದರು. ಮಾಸ್ತರರು ರೆಪ್ಪೆ ಬಡಿಯದೆ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ವೃಂದಾ ಬರಲಿಲ್ಲ.