ಹಿಂತಿರುಗಿ ನೋಡುವ ಗಿಣಿಯ ವಿಚಾರವಾಗಿ ವಿನ್ಯಾಸಯಂತ್ರದವರಿಗೆ

ಮಾನ್ಯರೇ,

ನಿನ್ನೆ ತಮಗೆ ಬರೆದ ಪತ್ರವನ್ನು ಗಿಣಿಯ ಕೊಕ್ಕಿನ ಹತ್ತಿರ ತಂದು ನಿಲ್ಲಿಸಿದ್ದೆ. ಹಾಳೆ ಮುಗಿದಿತ್ತು, ವಿಷಯ ಮುಗಿದಿರಲಿಲ್ಲ. ಮೇಚೇರಿಯ ನಮ್ಮ ನೇಕಾರರ ಸಂಘದ ಕಂಪ್ಯೂಟರಿನಲ್ಲಿ ಎರಡು ತಿಂಗಳಿಂದ ವಾಸವಾಗಿದ್ದು, ಒಂದು ಲೋಟ ಕಾಫಿಯನ್ನೂ ಕೇಳದೆ, ಸೀರೆಯ ಅಂಚುಗಳಿಗೆ ಮದುವೆ ಮಾಡಿಸಿ ಮಕ್ಕಳುಮರಿ ಹುಟ್ಟಿಸುತ್ತಿರುವ ತಮಗೆ ನಿವೃತ್ತ ಅಂಚೆ ಗುಮಾಸ್ತ ಪಾಂಡುರಂಗನ ನಮಸ್ಕಾರಗಳು. ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್’ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನದೆಲ್ಲ ಜ್ವರದ ರಜೆಗೆ ಸಂಬಂಧಿಸಿದ್ದು, ಆದ್ದರಿಂದ ಕನ್ನಡಕ್ಕೇ ಬರುತ್ತೇನೆ. ಇದನ್ನು ಸಂಘದ ನೋಟೀಸ್ ಬೋರ್ಡಿಗೂ ಅಂಟಿಸುತ್ತೇನೆ, ತಾವು ಓದದಿದ್ದರೂ ಊರು ಓದಲಿ.

ತಮ್ಮ ಕೆಲಸದ ಕ್ರಮವನ್ನು ಸಂಘದ ಕಲೈವಾಣಿ ವಿವರಿಸಿದ್ದಾಳೆ. ಹನ್ನೆರಡು ಮನೆಯವರು ಕೈಯಲ್ಲಿ ಬರೆದ ಹನ್ನೆರಡು ಅಂಚುಗಳನ್ನು ತಮಗೆ ಒಪ್ಪಿಸಿದೆವು. ತಾವು ಒಂದರ ಬಳ್ಳಿಗೆ ಇನ್ನೊಂದರ ಹೂವನ್ನು ಬೆರೆಸಿ, ನಡುವೆ ಒಂದು ಎಲೆಯನ್ನು ತಮ್ಮಿಷ್ಟಕ್ಕೆ ತಿರುಚಿ, ಮೂರು ದಿನಕ್ಕೊಂದು ತಲೆಮಾರನ್ನು ನಮ್ಮ ಫೋನಿಗೆ ಕಳಿಸುತ್ತೀರಿ. ಯಾವುದು ಯಾರ ಅಂಚಿನ ಸಂತಾನವೆಂದು ಕೆಳಗೆ ಹೆಸರೂ ಇರುತ್ತದೆ. ನಾವು ಒಂದರಿಂದ ಐದರವರೆಗೆ ಅಂಕ ಒತ್ತುತ್ತೇವೆ. ಅಂಕ ಕಡಿಮೆಯಾದದ್ದು ವಂಶವಿಲ್ಲದೆ ಹೋಗುತ್ತದೆ, ಕೊನೆಗೆ ಗೆದ್ದದ್ದು ಈ ವರ್ಷ ಎಲ್ಲ ಮಗ್ಗಗಳನ್ನೂ ಏರುತ್ತದೆ. ಇಂದು ಸಂಜೆ ಆರಕ್ಕೆ ಕಡೆಯ ಮತ.

ತೀರಿಹೋದ ನನ್ನ ಹೆಂಡತಿ ಶಾಂತಾ ಬರೆದಿಟ್ಟಿದ್ದ ಗಿಣಿಯೂ ಆ ಹನ್ನೆರಡರಲ್ಲಿ ಒಂದು. ಚೌಕದ ಹಾಳೆ ಮುಗಿದು ಕೊಕ್ಕಿಗೆ ಎಡೆ ಉಳಿಯದಿದ್ದಾಗ, ಜಾಗ ಇಲ್ದಿದ್ರೆ ಗಿಣೀನೇ ತಿರುಗ್ಕೊಳ್ಳಲಿ ಎಂದು ಅದರ ಕತ್ತನ್ನು ಹಿಂದಕ್ಕೆ ತಿರುಗಿಸಿದ್ದಳು. ತಮ್ಮ ಘನ ಪರಿಶ್ರಮದಿಂದ ಆ ಗಿಣಿ ಒಂಬತ್ತನೆಯ ತಲೆಮಾರಿನಲ್ಲಿ ಕಣ್ಣು ಕಳೆದುಕೊಂಡಿತು, ಹದಿನಾಲ್ಕರಲ್ಲಿ ರೆಕ್ಕೆ, ಇಪ್ಪತ್ತರಲ್ಲಿ ಹೆಸರನ್ನೂ. ಈಗಿನ ಅಂಚು ಧರ್ಮಪುರಿ ಬಸ್ ಸ್ಟ್ಯಾಂಡಿನಂತಿದೆ: ಮಾವು, ಶಂಖ, ನವಿಲು, ಪಳನಿಸ್ವಾಮಿ ಬರೆದ ಹಾರ್ಮೋನಿಯಂ, ಎಲ್ಲಕ್ಕೂ ಜಾಗವಿದೆ, ಗಿಣಿಗೆ ಮಾತ್ರ ಇಲ್ಲ. ಇಂಥ ಸೌಂದರ್ಯದೃಷ್ಟಿಗೆ ಯಾವ ಶಾಲು ಹೊದಿಸೋಣವೆಂದರೆ, ತಮಗೆ ಹೆಗಲೇ ಇಲ್ಲ.

ಇಲ್ಲಿ ಒಂದು ಸಣ್ಣ ವಿವರ ಸೇರಿಸಬೇಕು. ನಮ್ಮ ಬೀದಿಯವರು ಒಬ್ಬರಿಗೂ ಐದಕ್ಕಿಂತ ಕಡಿಮೆ ಕೊಟ್ಟಿಲ್ಲ. ಕೊಟ್ಟು ನಾಳೆ ನಲ್ಲಿಯ ಹತ್ತಿರ ಮುಖ ನೋಡುವುದು ಹೇಗೆ? ನಾನೂ ಎಲ್ಲರಿಗೂ ಐದು ಒತ್ತಿದೆ. ಶಾಂತಾಳ ಹೆಸರು ಕಂಡಲ್ಲೆಲ್ಲ ಮಾತ್ರ ಒಂದು ಒತ್ತಿದೆ. ನಮ್ಮ ಮನೆಯದನ್ನು ನಾವೇ ಹೊಗಳಿಕೊಳ್ಳುವುದುಂಟೇ? ಮೊನ್ನೆ ನಲ್ಲಿಯ ಹತ್ತಿರ ನಮ್ಮ ಬೀದಿಯ ಮುತ್ತಮ್ಮ ಇದನ್ನು ಕೇಳಿ, ನಮ್ಮನೇದಕ್ಕೂ ನಾನು ಐದೇ ಒತ್ತಿದ್ದು ಸಾರ್, ನೀವು ಒಂದು ಒತ್ತಿಬುಟ್ರಾ, ಪಾವಂ, ಪಾಪ ಶಾಂತಕ್ಕ ಎಂದು ಬಿಂದಿಗೆ ಎತ್ತಿಕೊಂಡು ಹೋದಳು.

ಆದ್ದರಿಂದ ಪ್ರಾರ್ಥನೆ ಇಷ್ಟೇ. ತಾವು ದಯವಿಟ್ಟು ಇಪ್ಪತ್ತು, ಹತ್ತೊಂಬತ್ತು ಎಂದು ಹಿಂದಕ್ಕೆ ಹೆರುತ್ತಾ ಮೊದಲನೆಯ ತಲೆಮಾರಿಗೆ ಮರಳಬೇಕು. ಮತ್ತು ನಮ್ಮ ಕಡೆಯ ಗಂಡಸು ತನ್ನ ಮನೆಯದಕ್ಕೆ ಒಂದು ಒತ್ತಿದರೆ ಅದನ್ನು ಐದೆಂದು ಓದಲು ಕಲಿಯಬೇಕು. ಇದೇನು ಕಷ್ಟವಲ್ಲ. ಮೂವತ್ತೆಂಟು ವರ್ಷ ನೆಂಟರ ಮುಂದೆ ಶಾಂತಾಳ ಸಾರಿಗೆ ‘ಏನೋ ಇದೆ, ಸುಮಾರು’ ಎಂದೇ ಹೇಳಿದ್ದೇನೆ. ಅವಳು ಅದನ್ನು ಐದೆಂದೇ ಓದಿಕೊಂಡಿರಬೇಕು. ಹೌದೇ ಎಂದು ನಾನು ಕೇಳಲಿಲ್ಲ.

ಅಕ್ಷರ ಮಸುಕಾಗುತ್ತಿದೆ, ಕನ್ನಡಕದ ತಪ್ಪೆಂದುಕೊಂಡಿದ್ದೆ, ಬೆಳಕೇ ಇಳಿದಿದೆ. ಆರಕ್ಕೆ ಹತ್ತು ನಿಮಿಷ. ಇಂದಿನ ಎಂಟು ಅಂಚುಗಳ ಪೈಕಿ ಏಳನೆಯದರಲ್ಲಿ, ಹಾರ್ಮೋನಿಯಂ ಪಕ್ಕದ ಬಳ್ಳಿಯ ತುದಿ ಯಾವ ಕಾರಣವೂ ಇಲ್ಲದೆ ಹಿಂದಕ್ಕೆ ತಿರುಗಿ ನೋಡುತ್ತಿದೆ. ನಾಚಿಕೆ ಬಿಟ್ಟು ಐದು ಒತ್ತಿ ಬರುತ್ತೇನೆ.

ಸಿಟ್ಟಿನಲ್ಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪಾಂಡುರಂಗ

ಮರೆತ ಮಾತು: ವಿನ್ಯಾಸಯಂತ್ರದ ಸೇವೆಗೂ ಅಂಕ ಕೊಡಿ ಎಂದು ಕಲೈವಾಣಿ ಫೋನಿನಲ್ಲಿ ಕೇಳಿದ್ದಾಳೆ. ಒಂದು ಒತ್ತಿದ್ದೇನೆ. ಬೇಸರ ಬೇಡ, ಎರಡು ತಿಂಗಳ ಒಡನಾಟದಲ್ಲಿ ತಾವೂ ನಮ್ಮ ಮನೆಯವರೇ ಆಗಿಬಿಟ್ಟಿದ್ದೀರಿ.