ಗುರುಪಾದ ಮಾಸ್ತರರು ಹೊರಗೆ ಹಾಕಿದ ಆಟಗಾರ

ಚಹಾದಂಗಡಿಯಲ್ಲಿ ಗುರುಪಾದ ಮಾಸ್ತರರು ಆಡಿದ್ದು ಒಂದೇ ಮಾತು: "ಸಿದ್ರಾಯಗ ಚೆಂಡು ಒದಿಯಾಕ ಕಲಿಸಿದಾಂವ ನಾನ." ಅಷ್ಟಕ್ಕೇ ಕೆಟ್ಟಿತು.

ಸಿದ್ರಾಯ ಮೂಡಲಗಿಯ ಕುರಿ ಕಾಯುವ ಮನೆತನದವನು. ಅರಭಾವಿಯಲ್ಲಿ ತೋಟಗಾರಿಕೆ ಕಲಿತು, ಸೇಬಿನ ತೋಟದ ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಹೋಗಿ, ಅಲ್ಲಿಯವನೇ ಆಗಿ, ಆ ದೇಶದ ಪರವಾಗಿ ಹತ್ತೊಂಬತ್ತು ಫುಟ್‌ಬಾಲ್ ಪಂದ್ಯ ಆಡಿದ್ದ. ಈಗ ಆಟ ಬಿಟ್ಟು ಊರು ನೋಡಲು ಬಂದಿದ್ದ. ಗೋಕಾಕದ ಮೈದಾನದಲ್ಲಿ ಮೊದಲು ಅವನಿಗೆ ಸತ್ಕಾರ, ಆಮೇಲೆ ಮೂಡಲಗಿ-ಹುಕ್ಕೇರಿ ಪಂದ್ಯ ಎಂದು ಮೂಡಲಗಿ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಅಣ್ಣಾಸಾಹೇಬರು ಗೊತ್ತುಮಾಡಿದರು. ಮಾಸ್ತರರ ಮಾತು ಅವರ ಕಿವಿಗೆ ಬಿದ್ದದ್ದೇ ತಡ, ಬ್ಯಾನರಿನಲ್ಲಿ ಶಿಷ್ಯನಿಗಿಂತ ಗುರುವಿನ ಫೋಟೋ ದೊಡ್ಡದಾಯಿತು.

ಖರೆ ಸಂಗತಿ ಬೇರೆ. ಎಂಟನೆಯ ಇಯತ್ತೆಯಲ್ಲಿ ಮಾಸ್ತರರು ಸಿದ್ರಾಯನ ಕಿವಿ ಹಿಂಡಿ ಶಾಲೆಯ ತಂಡದಿಂದ ಹೊರಗೆ ಹಾಕಿದ್ದರು. ಊರು ಮರೆತಿತ್ತು, ಕಿವಿ ಹಿಂಡಿಸಿಕೊಂಡವನು ಮರೆತಾನೆಯೇ? ಮೂವತ್ತು ವರ್ಷದ ಮಾಸ್ತರಿಕೆಯ ಮಾನ ಇವತ್ತು ಅವನ ನಾಲಿಗೆಯ ಮೇಲಿತ್ತು.

ಸತ್ಕಾರದ ದಿನ ಬೆಳಿಗ್ಗೆ ಮಾಸ್ತರರು ತಲೆನೋವೆಂದು ಮಲಗಿದರು. ಅಣ್ಣಾಸಾಹೇಬರು ಜೀಪಿನಲ್ಲಿ ಡಾಕ್ಟರರನ್ನೇ ಕರೆತಂದರು. ತಾವೇ ತರಬೇತಿ ಕೊಡುವ ಮೂಡಲಗಿ ತಂಡದ ಬಸ್ಸು ಅರಭಾವಿಯಲ್ಲಿ ನಿಂತಾಗ ಮಾಸ್ತರರು ಇಳಿಯಲು ನೋಡಿದರು. ನಾಯಕ ದುರ್ಗಪ್ಪನ ತಾಯಿ ಭರಮವ್ವ ರಟ್ಟೆ ಹಿಡಿದು ಕೂಡ್ರಿಸಿದಳು. ವೇದಿಕೆಯಲ್ಲಿ ಸಿದ್ರಾಯನ ಕಿವಿಯಲ್ಲಿ ಒಂದು ಮಾತು ಹೇಳಿಬಿಡೋಣವೆಂದು ಬಾಗಿದಾಗಲೆಲ್ಲ ಯಾರೋ ಬಂದು ಆ ಬಾಗಿದ ಕೊರಳಿಗೆ ಹಾರ ಹಾಕಿದರು.

ಸಿದ್ರಾಯ ಮೈಕು ಹಿಡಿದ. "ಕುರಿ ತಿರುವಿದಂಗ ಚೆಂಡಿನ ಹಿಂದ ಓಡತೀ ಅಂತ ಬೈದು, ಸರು ನನ್ನ ಟೀಮಿನಿಂದ ಹೊರಗ ಹಾಕಿದ್ರು."

ಮಾಸ್ತರರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು.

"ಆ ಮಾತ ಹಿಡಕೊಂಡ ಹೋದೆ. ಗೋಲಿಗೆ ನುಗ್ಗಿದವರನ್ನೆಲ್ಲ ಕುರಿ ತಿರುವಿದಂಗ ತಿರುವಿದೆ. ನಾ ಆಡಿದ್ದೆಲ್ಲಾ ಅವರ ಬೈಗಳದ ಪುಣ್ಯಾರಿ" ಎಂದು ಬಂದು ಪಾದ ಮುಟ್ಟಿದ.

ಚಪ್ಪಾಳೆ ನಿಲ್ಲಲಿಲ್ಲ. ಕಬ್ಬಿನ ಗಾಡಿಯ ನೊಗದಿಂದ ಕೊಳ್ಳು ಬಿಚ್ಚಿಸಿಕೊಂಡ ಎತ್ತಿನಂತೆ ಮಾಸ್ತರರು ನೀಳವಾಗಿ ಉಸಿರು ಬಿಟ್ಟರು.

ಆದರೆ ಮಠದ ಅಜ್ಜಾರು ಬೈದರೆ ಆಶೀರ್ವಾದವೆಂದು ಸೆರಗೊಡ್ಡುವ ಸೀಮೆ ಅದು. ಭರಮವ್ವ ಮಗನನ್ನು ಎಳೆದುಕೊಂಡು ಬಂದಳು.

"ಮಾಸ್ತರ್ರ, ಇವಗೂ ನಾಕು ಬೈದು ಹೊರಗ ಹಾಕ್ರಿ. ಉದ್ಧಾರ ಆಗ್ಲಿ."

"ನಿನಗೇನ ಹುಚ್ಚು ಹಿಡದೈತೇನಬೇ? ಕ್ಯಾಪ್ಟನ್ನ ಹೊರಗ ಹಾಕಿದ್ರ ಆಡಾವ್ರು ಯಾರು? ಏ ದುರ್ಗ್ಯಾ, ದಡ್ಡನಂಗ ಏನ ನಿಂತಿ, ನಡಿ."

"ಬೈದ್ರಲ್ಲ, ಸಾಕ್ರಿ" ಎಂದು ಭರಮವ್ವ ಕೈಮುಗಿದು, ಮಗನನ್ನು ಗೆರೆಯ ಆಚೆ ಕೂಡ್ರಿಸಿದಳು.

ಅದನ್ನು ನೋಡಿ ಉಳಿದವರ ತಾಯಂದಿರೂ ಎದ್ದರು. ಹುಡುಗರನ್ನು ಒಳಗೆ ಅಟ್ಟಲು ಮಾಸ್ತರರು ಬೈದಷ್ಟೂ ಒಬ್ಬೊಬ್ಬನೇ ಪಾದ ಮುಟ್ಟಿ ಹೋಗಿ ಹೊರಗೆ ಕೂತ. ಹುಕ್ಕೇರಿಯ ಹನ್ನೊಂದು ಮಂದಿ ಮೈದಾನದಲ್ಲಿ ನಿಂತಿದ್ದರು. ರೆಫರಿ ಎರಡು ಸಲ ಗಡಿಯಾರ ನೋಡಿದ.

ಮಾಸ್ತರರು ಸಿದ್ರಾಯನ ಕೈ ಹಿಡಿದರು. "ನೀನರ ಬಾರಪಾ, ಒಳಗ."

"ಈ ಮಾತಿಗೆ ಎಂಟನೇತ್ತೆಯಿಂದ ಕಾದಿದ್ದೆ, ಸರ" ಎಂದ ಸಿದ್ರಾಯ. ಅವನ ಕಣ್ಣು ಒದ್ದೆಯಾಗಿತ್ತು. "ಈಗ ಮೊಣಕಾಲು ಒಲ್ಲೆ ಅಂತಾವ್ರಿ."

ರೆಫರಿ ಸೀಟಿ ಊದಿದ. ಮಾನವಂತೂ ಉಳಿಯಿತೆಂಬ ಸಮಾಧಾನದಲ್ಲಿ ಮಾಸ್ತರರು ಧೋತರದ ಕಚ್ಚೆ ಬಿಗಿದುಕೊಂಡು, ಒಬ್ಬರೇ ಹೋಗಿ ಗೋಲಿನಲ್ಲಿ ನಿಂತರು.