ಶಬ್ದ ನಿಂತ ಪಿಕಪ್

ನಮ್ಮವರು ಶಬ್ದ ಮಾಡದೆ ಮಾಡಿದ್ದು ಒಂದೇ ಕೆಲಸ, ಸತ್ತದ್ದು. ಮಲಗಿದವರು ಏಳಲಿಲ್ಲ. ಬದುಕಿದ್ದಾಗ ಊಟ, ಕೆಮ್ಮು, ಜಗಳ ಎಲ್ಲ ಬೀದಿಗೆ ಕೇಳುತ್ತಿತ್ತು. ಬಿಟ್ಟುಹೋದ ಪಿಕಪ್ಪೂ ಅವರದೇ ಜಾತಿ. ಬಂದರಿನಲ್ಲಿ ಮೀನು ತುಂಬಿಸಿ ಉರ್ವದ ಒಳರಸ್ತೆಗಳಲ್ಲಿ ಮಾರುವ ಗಾಡಿ. ಹೊಂಡ ಸಿಕ್ಕಿದರೆ ಸಾಕು, ಮುಂದಿನ ಚಕ್ರದ ಹತ್ತಿರ ಕಟಕಟ, ಕಟಕಟ.

ಕಾರಣ ನನಗೆ ಗೊತ್ತಿತ್ತು. ಚಕ್ರ ಹಿಡಿಯುವ ಬಾಲ್ ಜಾಯಿಂಟು, ಬುಶ್ಶು, ಅವರು ಹಾಕಿದ್ದೆಲ್ಲ ಡೂಪ್ಲಿಕೇಟ್. ತಿಂಗಳೊಪ್ಪತ್ತಿನಲ್ಲಿ ಬುಶ್ಶಿನ ರಬ್ಬರು ಹಳೇ ಚಪ್ಪಲಿಯ ಹಾಗೆ ಹರಿಯುತ್ತಿತ್ತು. ಕೇಳಿದರೆ ಗಾಡಿ ಓಡ್ತದಲ್ಲ, ನಿನಗೆಂತ ಅನ್ನುವುದು. (ಮದುವೆಗೆ ತಂದ ಸೀರೆಯೂ ಇದೇ ಗುಣದ್ದು. ಈಗ ಹೇಳಿ ಪ್ರಯೋಜನವಿಲ್ಲ.)

ಈಗ ಓಡಿಸುವುದು ಮೈದುನ ಯೋಗೀಶ. ಅವನಿಗೆ ಗಾಡಿಯ ಮೇಲೆ ಕಣ್ಣು. ಮೀನು ಬಿಟ್ಟು ಜಲ್ಲಿ ಹೊರಬೇಕಂತೆ. ಈ ವಾರ ವ್ಯಾಪಾರ ಬಿದ್ದರೆ ಗಾಡಿ ತನಗೆ ಎಂದು ನಾಲ್ಕು ಜನರೆದುರು ನನ್ನಿಂದ ಒಪ್ಪಿಸಿಕೊಂಡಿದ್ದ. ಗಂಡನಿಂದ ಆಗದ್ದನ್ನು ಮಾಡಿ ತೋರಿಸುವ ಹಠ ಬಂತು ನನಗೆ. ಗಾಡಿಯನ್ನು ಕುದ್ರೋಳಿಯ ಕಬೀರನ ಗ್ಯಾರೇಜಿಗೆ ಬಿಟ್ಟು, ಒರಿಜಿನಲ್ ಹಾಕು, ಕಟ ಅಂತ ಕೇಳಬಾರದು ಎಂದೆ.

ಕೇಳಲಿಲ್ಲ. ಮರುದಿನ ಉರ್ವಕ್ಕೆ ಮಹಾರಾಣಿಯ ಪಲ್ಲಕ್ಕಿ ಹೋದ ಹಾಗೆ ಹೋದೆ. ಒಂದು ಗೇಟೂ ತೆರೆಯಲಿಲ್ಲ. ಹಾರ್ನ್ ಹೊಡೆಸಿದೆ. ಮಂಗಳೂರಿನಲ್ಲಿ ಹಾರ್ನ್ ಹೊಡೆಯದವರು ಯಾರು? ಐಸು ಕರಗಿತು. ಬಂಗುಡೆಯ ಕಣ್ಣು ಕೆಂಪಾಯಿತು.

"ಅತ್ತಿಗೆ, ಜಲ್ಲಿ ಕೊಳೆಯುವುದಿಲ್ಲ" ಎಂದ ಯೋಗೀಶ.

ದಿನದ ಗಿರಾಕಿ ರೊಸಾಲಿನ್ ಬಾಯಿಯ ಗೇಟನ್ನು ನಾನೇ ತಟ್ಟಿದೆ.

"ತಟ್ಟೆ ಹಿಡಿದು ಕೂತೇ ಇದ್ದೆ ದೇಯಕ್ಕ. ನಿಮ್ಮ ಗಾಡಿಯ ಕಟಕಟ ಕೇಳಲೇ ಇಲ್ಲ. ಸ್ಕೂಟರಿನವನ ಹತ್ತಿರ ಮೀನು ತಕ್ಕೊಂಡೆ."

ಇಷ್ಟು ವರ್ಷ ಗಿರಾಕಿಗಳನ್ನು ಕರೆದದ್ದು ಆ ಹರಕು ರಬ್ಬರು. ಅದು ನಮ್ಮವರ ಬುದ್ಧಿಯಲ್ಲ, ಬರೀ ಜಿಪುಣತನ. ಬುದ್ಧಿ ಖರ್ಚು ಮಾಡಿದ್ದು ನಾನು.

ಕಬೀರನ ಹತ್ತಿರ ಓಡಿ, ಹಳೆಯದನ್ನೇ ಹಾಕು ಎಂದೆ. ಅವನು ಸ್ಪಾನರ್ ಕೆಳಗಿಟ್ಟ.

"ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಹೋಗ್ತದೆ ಅಕ್ಕ. ನಿಮಗೆ ನಿಮ್ಮ ಯಜಮಾನ ಬೂಬಣ್ಣನ ಹತ್ತಿರ ಹೋಗುವ ಅವಸರ ಉಂಟಾ?"

ಹೊಸ ಸಾಮಾನು ಎರಡು ವರ್ಷ ತುಟಿ ಬಿಚ್ಚುವುದಿಲ್ಲ, ಗ್ಯಾರಂಟಿ ಎಂದೂ ಹೇಳಿದ. ನಂಬಿಕೆಯ ಸಾಮಾನಿನಷ್ಟು ಕೆಟ್ಟದ್ದು ಬೇರೆ ಇಲ್ಲ.

ಮರುದಿನ ಕಬ್ಬಿಣದ ತುಂಡು ಹಿಡಿದು, ಉರ್ವದ ತಿರುವಿನಿಂದಲೇ ಗಾಡಿಯ ಬಾಗಿಲಿಗೆ ಬಡಿದೆ. ಗೇಟುಗಳು ಒಂದೊಂದಾಗಿ ತೆರೆದವು. ನೋಡು ಎಂದೆ ಯೋಗೀಶನಿಗೆ. ಅವನು ನೋಡಿದ. ಹೆಂಗಸರ ಕೈಯಲ್ಲಿ ಹಳೇ ಪೇಪರು, ಮುರಿದ ಕುರ್ಚಿ. ಆ ರಸ್ತೆಗೆ ಗುಜರಿಯವನು ಬರುವುದು ಹೀಗೆ ಕಬ್ಬಿಣ ಬಡಿದುಕೊಂಡು ಎಂದು ನನಗೇನು ಗೊತ್ತು? ಎಲ್ಲರ ಮುಂದೆ ರೊಸಾಲಿನ್ ಬಾಯಿ, ತುಕ್ಕು ಹಿಡಿದ ಬಕೆಟು ಹಿಡಿದು.

"ನೀವಾ ದೇಯಕ್ಕ? ಮೀನು ಬಿಟ್ಟಿರಾ?"

ಬಿಡಲಿಲ್ಲ. ಬಕೆಟು ತಕ್ಕೊಂಡೆ, ಬಂಗುಡೆ ಕೊಟ್ಟೆ. ಕುರ್ಚಿಗೆ ಬೂತಾಯಿ ಮೀನು. ಬುಟ್ಟಿ ಖಾಲಿಯಾಯಿತು. ಗುಜರಿ ಮಾರಿದ ದುಡ್ಡಿನಲ್ಲಿ ವಾರದ ವ್ಯಾಪಾರ ಬೀಳಲಿಲ್ಲ, ಗಾಡಿ ನನ್ನಲ್ಲೇ ಉಳಿಯಿತು. ಈಗ ಉರ್ವದಲ್ಲಿ ನನ್ನನ್ನು ಗುಜರಿ ದೇಯಕ್ಕ ಅನ್ನುತ್ತಾರೆ.